ತೋಟಾ ಕೋವಿಯ ಸ್ವಚ್ಛತೆ ಮತ್ತು ನಿರ್ವಹಣೆ

ತೋಟಾ ಕೋವಿ ಎಂದರೆ ಹಿಂಬದಿಯಿಂದ ತೋಟಾ ತುಂಬಿ, ನುಣುಪಾದ ಒಳಮೈಯುಳ್ಳ ನಳಿಕೆಯ ಮೂಲಕ ಒಂದೇ ಈಡಿಗೆ ಹಲವು ಸಣ್ಣ ಗುಂಡುಗಳನ್ನು ಹಾರಿಸುವ ಉದ್ದನೆಯ ಬಂದೂಕು. ಇಂಗ್ಲಿಷಿನಲ್ಲಿ ಇದಕ್ಕೆ ಶಾಟ್‌ಗನ್ ಎಂಬ ಹೆಸರಿದೆ. ಗಾಳಿಯಲ್ಲಿ ಹಾರುವ ಮಣ್ಣಿನ ಬಿಲ್ಲೆಗಳಿಗೆ ಗುರಿಯಿಡುವ ಟ್ರ್ಯಾಪ್ ಮತ್ತು ಸ್ಕೀಟ್ ಸ್ಪರ್ಧೆಗಳಲ್ಲಿ ಬಳಕೆಯಾಗುವುದು ಈ ಜಾತಿಯ ಕೋವಿಯೇ. ಕೊಡಗು ಮತ್ತು ಮಲೆನಾಡಿನ ತೋಟದ ಮನೆಗಳಲ್ಲಿ ಬೆಳೆ ರಕ್ಷಣೆಗೆಂದು ಇಟ್ಟುಕೊಂಡಿರುವ ಜೋಡಿ ನಳಿಕೆಯ ಬಂದೂಕುಗಳಲ್ಲಿ ಹೆಚ್ಚಿನವು ಇದೇ ಬಗೆಯವು. ಉತ್ತಮವಾಗಿ ತಯಾರಾದ ಕೋವಿಯೊಂದು ಸರಿಯಾದ ಆರೈಕೆಯಲ್ಲಿದ್ದರೆ ಮೂರು ನಾಲ್ಕು ತಲೆಮಾರುಗಳ ಕಾಲ ಬಾಳಬಲ್ಲದು. ಆರೈಕೆ ತಪ್ಪಿದರೆ ಒಂದೇ ಮಳೆಗಾಲದಲ್ಲಿ ಅದರ ನಳಿಕೆಗೆ ತಿದ್ದಲಾಗದ ಹಾನಿ ತಟ್ಟಬಹುದು.

ಪದೇ ಪದೇ ಗುಂಡು ಹಾರಿಸುವುದರಿಂದ ಕೋವಿ ಸವೆಯುತ್ತದೆ ಎಂಬ ನಂಬಿಕೆ ಸಾಮಾನ್ಯವಾಗಿದೆ. ವಸ್ತುಸ್ಥಿತಿ ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದುದು. ಸ್ಪರ್ಧಾಳುವಿನ ಕೋವಿ ವರ್ಷಕ್ಕೆ ಸಾವಿರಾರು ತೋಟಾಗಳನ್ನು ಹಾರಿಸಿಯೂ ಹೊಳಪಿನಿಂದಿರುತ್ತದೆ, ಏಕೆಂದರೆ ಪ್ರತಿದಿನದ ಅಭ್ಯಾಸ ಮುಗಿದೊಡನೆ ಅದನ್ನು ಒರೆಸಿಡಲಾಗುತ್ತದೆ. ವರ್ಷಕ್ಕೆ ಐದಾರು ಈಡು ಹಾರಿಸಿ ಉಳಿದ ಕಾಲವೆಲ್ಲ ಚರ್ಮದ ಚೀಲದಲ್ಲಿ ಮುಚ್ಚಿಟ್ಟ ಕೋವಿಯೇ ಹೆಚ್ಚಾಗಿ ತುಕ್ಕಿಗೆ ಬಲಿಯಾಗುವುದು.

ಭಾಗಗಳು ಮತ್ತು ಅಳತೆ

ಮಧ್ಯದಲ್ಲಿ ಮಡಚಿಕೊಳ್ಳುವ ಜೋಡಿ ನಳಿಕೆಯ ಕೋವಿಯನ್ನು ಯಾವ ಸಲಕರಣೆಯೂ ಇಲ್ಲದೆ ಮೂರು ಭಾಗಗಳಾಗಿ ಬಿಡಿಸಬಹುದು: ನಳಿಕೆಗಳು, ನಳಿಕೆಯ ಕೆಳಗೆ ಮುಂಗೈ ಹಿಡಿಯುವ ಮುಂದಿನ ಮರ, ಹಾಗೂ ಯಂತ್ರಭಾಗದೊಂದಿಗೆ ಕೂಡಿಕೊಂಡಿರುವ ಹಿಂದಿನ ಮರದ ಹಿಡಿ ಅಥವಾ ಬಟ್. ನಳಿಕೆಗಳು ಪಕ್ಕಪಕ್ಕದಲ್ಲಿರಬಹುದು, ಇಲ್ಲವೇ ಒಂದರ ಮೇಲೊಂದು ಇರಬಹುದು. ಇಂದಿನ ಸ್ಪರ್ಧೆಗಳಲ್ಲಿ ಎರಡನೆಯ ವಿನ್ಯಾಸವೇ ಪ್ರಧಾನವಾಗಿದೆ. ಯಂತ್ರಭಾಗದಲ್ಲಿ ಟ್ರಿಗರ್, ಕುದುರೆ, ಸ್ಪ್ರಿಂಗು, ಸೂಜಿ, ಸೇಫ್ಟಿ ಕ್ಯಾಚ್ ಮುಂತಾದವು ಅಡಗಿರುತ್ತವೆ. ಹಳೆಯ ಕೋವಿಗಳಲ್ಲಿ ಕುದುರೆಗಳು ಹೊರಗೆ ಕಾಣುತ್ತಿದ್ದವು. ಬರ್ಮಿಂಗ್‌ಹ್ಯಾಮಿನ ವೆಸ್ಟ್ಲಿ ರಿಚರ್ಡ್ಸ್ ಸಂಸ್ಥೆಯ ಆನ್ಸನ್ ಮತ್ತು ಡೀಲಿ ಎಂಬ ಇಬ್ಬರು 1875ರಲ್ಲಿ ರೂಪಿಸಿದ ಯಂತ್ರದಲ್ಲಿ ಕುದುರೆಗಳು ಒಳಗೆ ಸೇರಿದವು. ಆ ವಿನ್ಯಾಸ ಇಂದಿಗೂ ಅನೇಕ ಕೋವಿಗಳಲ್ಲಿ ಮುಂದುವರಿದಿದೆ.

ಕೋವಿಯ ಅಳತೆಯನ್ನು ಬೋರ್ ಎಂಬ ಸಂಖ್ಯೆಯಿಂದ ಹೇಳುವ ರೂಢಿಯಿದೆ. ಒಂದು ಪೌಂಡ್, ಅಂದರೆ ಸುಮಾರು 454 ಗ್ರಾಂ ಸೀಸದಿಂದ ಒಂದೇ ಗಾತ್ರದ 12 ಗೋಲಿಗಳನ್ನು ಎರಕ ಹೊಯ್ದರೆ ಪ್ರತಿ ಗೋಲಿಯ ವ್ಯಾಸ ಎಷ್ಟಾಗುವುದೋ ಅಷ್ಟೇ ಒಳವ್ಯಾಸವುಳ್ಳ ನಳಿಕೆಗೆ 12 ಬೋರ್ ಎಂದು ಹೆಸರು. ಇದು ಸುಮಾರು 18.5 ಮಿ.ಮೀ. ಆಗುತ್ತದೆ. ಇದೇ ಲೆಕ್ಕದಂತೆ 20 ಬೋರಿನ ನಳಿಕೆ ಸುಮಾರು 15.6 ಮಿ.ಮೀ. ಒಳವ್ಯಾಸದ್ದು. ಸಂಖ್ಯೆ ಹೆಚ್ಚಿದಂತೆ ನಳಿಕೆ ಕಿರಿದಾಗುತ್ತದೆ ಎಂಬುದನ್ನು ನೆನಪಿನಲ್ಲಿಡಬೇಕು. ಸ್ವಚ್ಛಗೊಳಿಸುವ ಬ್ರಷ್ ಮುಂತಾದವನ್ನು ಕೊಳ್ಳುವಾಗ ಬೋರಿನ ಸಂಖ್ಯೆಯನ್ನೇ ನೋಡಬೇಕಾಗುತ್ತದೆ. 20 ಬೋರಿನ ಬ್ರಷ್ 12 ಬೋರಿನ ನಳಿಕೆಯಲ್ಲಿ ಗೋಡೆಯನ್ನು ಮುಟ್ಟದೆ ಹಾದುಹೋಗುತ್ತದೆ.

ನಳಿಕೆಯ ಗೋಡೆ ಎಲ್ಲೆಡೆಯೂ ಒಂದೇ ದಪ್ಪವಾಗಿರುವುದಿಲ್ಲ. ಮದ್ದು ಉರಿಯುವ ಹಿಂಬದಿಯಲ್ಲಿ ಅದು ದಪ್ಪ. ಮುಂದೆ ಹೋದಂತೆ ತೆಳುವಾಗುತ್ತಾ, ಹಗುರವಾದ ಕೋವಿಗಳಲ್ಲಿ ಒಂದು ಮಿ.ಮೀ.ಗಿಂತಲೂ ಕಡಿಮೆಯಾಗುವುದುಂಟು. ತುಕ್ಕು ಕೊರೆದ ಕುಳಿ ಏಕೆ ಅಪಾಯಕಾರಿ ಎಂಬುದು ಇದರಿಂದ ತಿಳಿಯುತ್ತದೆ.

ಕೋವಿ ಕೆಡುವ ಬಗೆ

ಈಡು ಹಾರಿದ ಮೇಲೆ ನಳಿಕೆಯಲ್ಲಿ ನಾಲ್ಕು ಬಗೆಯ ಶೇಷಗಳು ಉಳಿಯುತ್ತವೆ: ಮದ್ದು ಉರಿದ ಮಸಿ, ಗುಂಡುಗಳು ಉಜ್ಜಿ ಬಿಟ್ಟ ಸೀಸದ ಗೆರೆಗಳು, ಗುಂಡುಗಳನ್ನು ಹೊತ್ತೊಯ್ಯುವ ಪ್ಲಾಸ್ಟಿಕ್ ಬಟ್ಟಲು ಕರಗಿ ಅಂಟಿದ ಪೊರೆ, ಮತ್ತು ತೋಟಾದ ತಳದಲ್ಲಿರುವ ಕೇಪು ಸಿಡಿದು ಉಳಿಯುವ ಲವಣಗಳು. ಇವು ತಾವಾಗಿಯೇ ಉಕ್ಕನ್ನು ತಿನ್ನುವುದಕ್ಕಿಂತ ಹೆಚ್ಚಾಗಿ ತೇವವನ್ನು ಹಿಡಿದಿಟ್ಟುಕೊಂಡು ತುಕ್ಕಿಗೆ ದಾರಿ ಮಾಡಿಕೊಡುತ್ತವೆ. ಪ್ಲಾಸ್ಟಿಕ್ ಪೊರೆಯ ಅಡಿಯಲ್ಲಿ ಸಿಕ್ಕಿಕೊಂಡ ತೇವ ಕಣ್ಣಿಗೆ ಕಾಣದಂತೆ ಕೆಲಸ ಮಾಡುವುದರಿಂದ ಮೇಲೆ ಹೊಳೆಯುವ ನಳಿಕೆಯ ಕೆಳಪದರದಲ್ಲಿ ಕುಳಿಗಳಿರುವುದು ಅಪರೂಪವಲ್ಲ.

ಹಳೆಯ ಕಾಲದ ಕೇಪುಗಳಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದು ಪೊಟ್ಯಾಸಿಯಂ ಕ್ಲೋರೈಡ್ ಎಂಬ, ಅಡುಗೆ ಉಪ್ಪಿನಂತಹ ಲವಣವಾಗುತ್ತದೆ. ಈ ಲವಣ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಆದ್ದರಿಂದ ಹಳೆಯ ದಾಸ್ತಾನಿನ ತೋಟಾ ಹಾರಿಸಿ ಬರೀ ಎಣ್ಣೆ ಬಳಿದಿಟ್ಟ ನಳಿಕೆಗಳು ಎಣ್ಣೆಯ ಕೆಳಗೇ ತುಕ್ಕು ಹಿಡಿದವು. ಇಂದಿನ ತೋಟಾಗಳಲ್ಲಿ ಈ ತೊಂದರೆ ಬಹುಪಾಲು ಇಲ್ಲವಾಗಿದೆ. ಆದರೆ ವಾತಾವರಣದ ತೇವ ಮತ್ತು ಕೈಬೆವರಿನ ಉಪ್ಪು ಎಂದಿನಂತೆಯೇ ಇವೆ. ಕೆಲವರ ಬೆರಳಚ್ಚು ಒಂದೇ ರಾತ್ರಿಯಲ್ಲಿ ನಳಿಕೆಯ ಮೇಲೆ ಕಂದು ಗುರುತಾಗಿ ಮೂಡುವುದನ್ನು ಕೋವಿ ಬಳಸುವವರೆಲ್ಲ ಬಲ್ಲರು.

ಅಪಾಯದ ಇನ್ನೊಂದು ಮೂಲ ನಳಿಕೆಯಲ್ಲಿ ಸಿಕ್ಕಿಕೊಂಡ ಅಡಚಣೆ. ಕೆಸರು, ಕಣಜದ ಗೂಡು, ಮರೆತುಬಿಟ್ಟ ಬಟ್ಟೆಯ ಚೂರು, ಅರ್ಧದಲ್ಲೇ ನಿಂತ ವಾಡ್ ಇವುಗಳಲ್ಲಿ ಯಾವುದಿದ್ದರೂ ಮುಂದಿನ ಈಡಿನಲ್ಲಿ ಒತ್ತಡ ಏರಿ ನಳಿಕೆ ಉಬ್ಬಬಹುದು ಅಥವಾ ಸಿಡಿಯಬಹುದು. ಇವೆಲ್ಲಕ್ಕಿಂತ ಕುಖ್ಯಾತವಾದುದು 20 ಬೋರಿನ ತೋಟಾ. ಅದನ್ನು ತಪ್ಪಿ 12 ಬೋರಿನ ಕೋವಿಗೆ ಹಾಕಿದರೆ ಅದು ಜಾರಿ ಮುಂದೆ ಹೋಗಿ, ಕೋಣೆ ಮುಗಿದು ನಳಿಕೆ ಕಿರಿದಾಗುವ ಜಾಗದಲ್ಲಿ ಸಿಲುಕುತ್ತದೆ. ಹಿಂದಿನಿಂದ ನೋಡಿದವರಿಗೆ ಕೋವಿ ಖಾಲಿಯಂತೆ ತೋರುತ್ತದೆ. ಅದರ ಹಿಂದೆ 12 ಬೋರಿನ ತೋಟಾ ಸರಾಗವಾಗಿ ಕೂರುತ್ತದೆ. ಅದನ್ನು ಹಾರಿಸಿದಾಗ ಮುಂಗೈ ಇರುವ ಜಾಗದಲ್ಲೇ ನಳಿಕೆ ಒಡೆಯುತ್ತದೆ. ಈ ಗೊಂದಲ ತಪ್ಪಿಸಲೆಂದೇ 20 ಬೋರಿನ ತೋಟಾಗಳಿಗೆ ಹಳದಿ ಬಣ್ಣ ಕೊಡುವ ಪದ್ಧತಿ ಬೆಳೆದುಬಂದಿದೆ. ಎರಡೂ ಬೋರಿನ ಕೋವಿಗಳಿರುವ ಮನೆಯಲ್ಲಿ ತೋಟಾಗಳನ್ನು ಒಂದೇ ಚೀಲದಲ್ಲಿ ಇಡುವುದು ಸಲ್ಲದು.

ಕೋವಿ ಖಾಲಿಯೇ ಎಂಬ ಪರೀಕ್ಷೆ

ಸ್ವಚ್ಛಗೊಳಿಸುವಾಗ ಗುಂಡು ಹಾರಿ ಪ್ರಾಣಹಾನಿಯಾಯಿತು ಎಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತದೆ. ಬಿಡಿಸಿದ ಕೋವಿಯಿಂದ ಗುಂಡು ಹಾರಲಾರದು. ಹೀಗಾಗಿ ಇಂತಹ ಅವಘಡಗಳು ಸ್ವಚ್ಛತೆಯ ಕೆಲಸ ಆರಂಭವಾಗುವ ಮುನ್ನವೇ, ಕೋವಿ ಖಾಲಿಯಿದೆ ಎಂಬ ಊಹೆಯಿಂದ ಸಂಭವಿಸುತ್ತವೆ.

ಆದಕಾರಣ ಮೊದಲು ನಳಿಕೆಯ ಬಾಯನ್ನು ಜನರಿಲ್ಲದ ದಿಕ್ಕಿಗೆ ತಿರುಗಿಸಿ, ಬೆರಳನ್ನು ಟ್ರಿಗರಿನಿಂದ ದೂರವಿಟ್ಟು ಕೋವಿಯನ್ನು ಮಡಚಿ ತೆರೆಯಬೇಕು. ಎರಡೂ ಕೋಣೆಗಳನ್ನು ಕಣ್ಣಿನಿಂದ ನೋಡಿದ್ದು ಸಾಲದೆಂದು ಬೆರಳಿನಿಂದಲೂ ಮುಟ್ಟಿ ನೋಡುವುದು ಒಳ್ಳೆಯ ಅಭ್ಯಾಸ. ಪಂಪ್ ಅಥವಾ ಅರೆಸ್ವಯಂಚಾಲಿತ ಕೋವಿಗಳಲ್ಲಿ ಕೋಣೆಯ ಜೊತೆಗೆ ನಳಿಕೆಯ ಕೆಳಗಿನ ಕೊಳವೆಯಲ್ಲೂ ತೋಟಾ ಇರುತ್ತದೆ. ಅದನ್ನು ಮರೆತು ಕೋಣೆಯನ್ನಷ್ಟೇ ಖಾಲಿ ಮಾಡಿದರೆ ಮುಂದಿನ ಎಳೆತಕ್ಕೆ ಮತ್ತೊಂದು ತೋಟಾ ತಾನಾಗಿ ಬಂದು ಕೂರುತ್ತದೆ. ಸೇಫ್ಟಿ ಕ್ಯಾಚನ್ನು ನಂಬಿ ಈ ಪರೀಕ್ಷೆಯನ್ನು ಬಿಡುವಂತಿಲ್ಲ. ಅನೇಕ ಜೋಡಿ ನಳಿಕೆಯ ಕೋವಿಗಳಲ್ಲಿ ಅದು ಟ್ರಿಗರನ್ನು ಮಾತ್ರ ತಡೆಯುತ್ತದೆ, ಕುದುರೆಯನ್ನಲ್ಲ. ಕೋವಿ ಕೆಳಗೆ ಬಿದ್ದ ಪೆಟ್ಟಿಗೆ ಕುದುರೆ ಜಾರುವ ಸಾಧ್ಯತೆ ಉಳಿದೇ ಇರುತ್ತದೆ.

ಖಾತ್ರಿಯಾದ ಮೇಲೆ ತೋಟಾಗಳನ್ನೆಲ್ಲ ಬೇರೆ ಕೋಣೆಯಲ್ಲಿಟ್ಟು ಬರಬೇಕು. ಕೆಲಸದ ಮೇಜಿನ ಮೇಲೆ ಒಂದು ತೋಟಾವೂ ಇರಕೂಡದು. ಅನಂತರವೇ ಮುಂದಿನ ಮರವನ್ನು ಕಳಚಿ, ನಳಿಕೆಗಳನ್ನು ಬಿಡಿಸಿ, ಹಳೆಯ ಹೊದಿಕೆಯ ಮೇಲೆ ಹರಡಿಕೊಳ್ಳುವುದು. ನಳಿಕೆಯೊಳಗೆ ಇಣುಕಿ ನೋಡುವುದು ಅದು ಯಂತ್ರಭಾಗದಿಂದ ಪೂರ್ತಿ ಬೇರೆಯಾದ ಬಳಿಕವೇ.

ನಳಿಕೆಯ ಒಳಮೈ

ಮಲೆನಾಡಿನಲ್ಲಿ ಗಜ ಎಂದು ಕರೆಯುವ ಉದ್ದನೆಯ ಕಡ್ಡಿಯೇ ಇಲ್ಲಿ ಮುಖ್ಯ ಸಲಕರಣೆ. ಮರದ ಗಜ ಅಥವಾ ಪ್ಲಾಸ್ಟಿಕ್ ಹೊದಿಸಿದ ಲೋಹದ ಗಜ ಉತ್ತಮ. ಬರಿಯ ಕಬ್ಬಿಣದ ಕಡ್ಡಿ ಒಳಮೈಯನ್ನು ಗೀರುತ್ತದೆ. ಗಜವನ್ನು ಯಾವಾಗಲೂ ತೋಟಾ ಕೂರುವ ಹಿಂಬದಿಯಿಂದ ತೂರಿಸಿ ಬಾಯಿಯ ಕಡೆಗೆ ತಳ್ಳಬೇಕು. ಎದುರು ದಿಕ್ಕಿನಿಂದ ತಳ್ಳಿದರೆ ಕಿಟ್ಟವೆಲ್ಲ ಬಂದು ಕೋಣೆಯಲ್ಲಿ, ಅಲ್ಲಿಂದ ತೋಟಾ ಹೊರತಳ್ಳುವ ಎಜೆಕ್ಟರಿನ ಸಂದಿಯಲ್ಲಿ ಸೇರಿಕೊಳ್ಳುತ್ತದೆ.

ಮೊದಲು ಒಣ ಬಟ್ಟೆಯ ತುಂಡನ್ನೋ ಮುದುಡಿದ ಕಾಗದವನ್ನೋ ತಳ್ಳಿ ಸಡಿಲವಾದ ಮಸಿಯನ್ನು ತೆಗೆಯಲಾಗುತ್ತದೆ. ಮಸಿ ಕರಗಿಸುವ ದ್ರಾವಕವನ್ನು ನೇರವಾಗಿ ಸುರಿಯುವುದಕ್ಕಿಂತ ಈ ಒಣ ಒರೆತವನ್ನು ಮೊದಲು ಮಾಡಿದರೆ ಕೆಲಸ ಅರ್ಧ ಹಗುರವಾಗುತ್ತದೆ. ಬಳಿಕ ದ್ರಾವಕ ಸವರಿ ಹತ್ತು ಹದಿನೈದು ನಿಮಿಷ ಬಿಡಬೇಕು. ಅಮೆರಿಕದ ಫ್ರಾಂಕ್ ಆಗಸ್ಟ್ ಹಾಪ್ 1903ರಲ್ಲಿ ತಯಾರಿಸಿದ ಹಾಪೀಸ್ ನಂ. 9 ಎಂಬ ದ್ರಾವಕ ಇಂದಿಗೂ ಮಾರಾಟದಲ್ಲಿದೆ. ಅವಸರ ಇಲ್ಲಿ ಕೆಲಸಕ್ಕೆ ಬಾರದು, ಕಿಟ್ಟವನ್ನು ಮೆದುಗೊಳಿಸಬೇಕಾದುದು ದ್ರಾವಕವೇ ಹೊರತು ತೋಳಿನ ಬಲವಲ್ಲ. ಆಮೇಲೆ ಕಂಚಿನ ತಂತಿಯ ಬ್ರಷ್ಷಿನಿಂದ ಹತ್ತಾರು ಬಾರಿ ಪೂರ್ತಿ ಉದ್ದಕ್ಕೆ ಉಜ್ಜಬೇಕು. ಕಂಚು ಉಕ್ಕಿಗಿಂತ ಮೃದುವಾದುದರಿಂದ ನಳಿಕೆಗೆ ಹಾನಿಯಾಗದು. ಉಕ್ಕಿನ ತಂತಿಯ ಬ್ರಷ್ಷನ್ನು ಬಳಸಲೇಬಾರದು. ಬ್ರಷ್ಷನ್ನು ನಳಿಕೆಯ ನಡುವೆ ಹಿಂದಕ್ಕೆ ತಿರುಗಿಸಲು ಹೋದರೆ ಎಳೆಗಳು ಮಡಚಿ ಸಿಕ್ಕಿಕೊಳ್ಳುತ್ತವೆ. ಒಂದು ತುದಿಯಿಂದ ಪೂರ್ಣವಾಗಿ ಹೊರಬಂದ ಮೇಲೆಯೇ ಹಿಂದಕ್ಕೆ ಎಳೆಯಬೇಕು.

ವಿಶೇಷ ಗಮನ ಬೇಡುವ ಜಾಗಗಳು ಎರಡು. ಒಂದು, ಕೋಣೆ ಮುಗಿದು ನಳಿಕೆ ಕಿರಿದಾಗುವ ಇಳಿಜಾರು. ಪ್ಲಾಸ್ಟಿಕ್ ಮತ್ತು ಸೀಸ ಹೆಚ್ಚಾಗಿ ಮೆತ್ತುವುದು ಅಲ್ಲೇ. ಮತ್ತೊಂದು, ಬಾಯಿಯ ಬಳಿ ಗುಂಡುಗಳ ಹರಡುವಿಕೆಯನ್ನು ನಿಯಂತ್ರಿಸಲು ನಳಿಕೆಯನ್ನು ತುಸು ಕಿರಿದುಗೊಳಿಸಿರುವ ಚೋಕ್ ಎಂಬ ಭಾಗ. ಈಚಿನ ಕೋವಿಗಳಲ್ಲಿ ಚೋಕ್ ಬೇರೆಯಾಗಿ ತಿರುಗಿಸಿ ತೆಗೆಯುವ ಕೊಳವೆಯ ರೂಪದಲ್ಲಿರುತ್ತದೆ. ಅದನ್ನು ಪ್ರತಿ ಬಾರಿ ತೆಗೆದು ತಿರುಪಿನ ಗೆರೆಗಳನ್ನು ಒರೆಸಿ, ತೆಳುವಾಗಿ ಗ್ರೀಸ್ ಸವರಿ ಕೂರಿಸಬೇಕು. ವರ್ಷಗಟ್ಟಲೆ ತೆಗೆಯದೆ ಬಿಟ್ಟ ಚೋಕ್ ಬಿಗಿದುಕೊಂಡು, ಬಿಡಿಸಹೋದವರು ನಳಿಕೆಯ ತುದಿಯನ್ನೇ ಹಾಳುಮಾಡಿಕೊಳ್ಳುವ ಪ್ರಸಂಗಗಳಿವೆ. ಚೋಕ್ ಇಲ್ಲದೆ ಗುಂಡು ಹಾರಿಸಿದರೆ ಒಳಗಿನ ತಿರುಪುಗೆರೆ ಕೆಡುತ್ತದೆ.

ಒಂದರ ಹಿಂದೊಂದು ಹೊಸ ಬಟ್ಟೆ ತುಂಡು ತೂರಿಸಿ, ಅದು ಬಿಳಿಯಾಗಿಯೇ ಹೊರಬಂದಾಗ ನಳಿಕೆಯನ್ನು ಬೆಳಕಿನತ್ತ ಹಿಡಿದು ನೋಡಬೇಕು. ಒಳಮೈ ಕನ್ನಡಿಯಂತೆ ಕಾಣಬೇಕು. ಉದ್ದುದ್ದ ಬೂದು ಗೆರೆಗಳಿದ್ದರೆ ಸೀಸ ಉಳಿದಿದೆ ಎಂದರ್ಥ, ಮತ್ತೆ ಉಜ್ಜಬೇಕು. ಕಪ್ಪು ಚುಕ್ಕೆಗಳು ಎಷ್ಟು ಉಜ್ಜಿದರೂ ಹೋಗದಿದ್ದರೆ ಅವು ಕುಳಿಗಳು. ನೆರಳಿನ ಉಂಗುರದಂತೆ ಸುತ್ತಲೂ ಕಾಣುವ ಗುರುತು ನಳಿಕೆ ಎಂದೋ ಉಬ್ಬಿರುವುದರ ಸೂಚನೆ. ಒಂದೇ ಬದಿಯಲ್ಲಿ ಕಾಣುವ ನೆರಳು ಹೊರಗಿನ ಪೆಟ್ಟಿನಿಂದಾದ ತಗ್ಗು. ಉಬ್ಬು, ತಗ್ಗು, ಆಳವಾದ ಕುಳಿ ಇವು ಮೂರೂ ಮನೆಯಲ್ಲಿ ಸರಿಪಡಿಸುವಂಥವಲ್ಲ. ಅಂತಹ ಕೋವಿಯನ್ನು ದುರಸ್ತಿಗಾರನಿಗೆ ತೋರಿಸುವವರೆಗೆ ಹಾರಿಸಬಾರದು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು ಬೆಸೆದು ಮಾಡಿದ, ಮೇಲ್ಮೈಯಲ್ಲಿ ಅಲೆಯಲೆಯಾದ ವಿನ್ಯಾಸವಿರುವ ಡಮಾಸ್ಕಸ್ ನಳಿಕೆಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅವು ಕರಿಮದ್ದಿನ ಕಾಲದವು. ಹೊಗೆರಹಿತ ಮದ್ದಿಗೆ ಪರೀಕ್ಷಿಸಿದ ಮುದ್ರೆ ಇಲ್ಲದಿದ್ದಲ್ಲಿ ಇಂದಿನ ತೋಟಾಗಳನ್ನು ಅವುಗಳಲ್ಲಿ ಬಳಸುವಂತಿಲ್ಲ.

ಕೊನೆಯಲ್ಲಿ ಉಣ್ಣೆಯ ಕುಂಚಕ್ಕೆ ನಾಲ್ಕಾರು ತೊಟ್ಟು ಕೋವಿಯೆಣ್ಣೆ ಹಾಕಿ ನಳಿಕೆಯಲ್ಲಿ ಒಮ್ಮೆ ಆಡಿಸಿದರೆ ತೆಳುವಾದ ಪೊರೆ ನಿಲ್ಲುತ್ತದೆ. ಮುಂದೆ ಹಾರಿಸುವ ದಿನ ಈ ಎಣ್ಣೆಯನ್ನು ಒಣ ಬಟ್ಟೆಯಿಂದ ತೆಗೆಯುವುದು ಅಗತ್ಯ. ತೋಟಾದ ಕವಚ ಕೋಣೆಯ ಗೋಡೆಗೆ ಕಚ್ಚಿ ನಿಲ್ಲಬೇಕಾದುದು ಎಣ್ಣೆಯಿಂದ ಜಾರಿ, ಹಿಂದಿನ ಯಂತ್ರಭಾಗದ ಮೇಲೆ ಹೆಚ್ಚಿನ ಭಾರ ಬೀಳುತ್ತದೆ.

ಯಂತ್ರಭಾಗ

ಯಂತ್ರಭಾಗದ ಮುಖ, ಸೂಜಿ ಹೊರಬರುವ ರಂಧ್ರಗಳು, ಎಜೆಕ್ಟರಿನ ಸಂದಿ ಇವನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಶುಚಿಗೊಳಿಸಬಹುದು. ನಳಿಕೆ ಮಡಚಿಕೊಳ್ಳುವ ಅಚ್ಚಿನ ಮೇಲೆ ಹಳೆಯ ಗ್ರೀಸನ್ನು ಒರೆಸಿ ಅಕ್ಕಿಕಾಳಿನಷ್ಟು ಹೊಸ ಗ್ರೀಸ್ ಇಟ್ಟರೆ ಸಾಕು. ಹಳೆಯ ಗ್ರೀಸಿಗೆ ಸೇರಿದ ಮರಳಿನ ಕಣಗಳು ಅರದಂತೆ ಕೆಲಸ ಮಾಡಿ ಕಾಲಕ್ರಮದಲ್ಲಿ ನಳಿಕೆಗೂ ಯಂತ್ರಭಾಗಕ್ಕೂ ನಡುವೆ ಸಡಿಲ ಉಂಟುಮಾಡುತ್ತವೆ. ಮುಂದಿನ ಮರವನ್ನು ಕಳಚಿ, ಮುಚ್ಚಿದ ಕೋವಿಯನ್ನು ಮೆಲ್ಲಗೆ ಅಲುಗಿಸಿದಾಗ ನಳಿಕೆ ಕದಲಿದರೆ ಈ ಸವೆತ ಆರಂಭವಾಗಿದೆ ಎಂದು ತಿಳಿಯಬೇಕು.

ಒಳಗಿನ ಸ್ಪ್ರಿಂಗು, ಕುದುರೆಗಳನ್ನು ಬಿಚ್ಚುವ ಗೋಜಿಗೆ ಮನೆಯಲ್ಲಿ ಹೋಗದಿರುವುದೇ ಲೇಸು. ಒಳ್ಳೆಯ ಕೋವಿಗಳ ತಿರುಪುಗಳ ಸೀಳು ಅತಿ ಸಣ್ಣದಾಗಿದ್ದು, ಅದಕ್ಕೆ ಸರಿಯಾಗಿ ಅರೆದ ತಿರುಪುಳಿಯೇ ಬೇಕು. ಸಾಮಾನ್ಯ ಸ್ಕ್ರೂಡ್ರೈವರ್ ಹಾಕಿದವರ ಕೋವಿಗಳನ್ನು ತಿರುಪುಗಳ ಹರಿದ ಅಂಚಿನಿಂದಲೇ ಗುರುತಿಸಬಹುದು. ಒಂದೆರಡು ವರ್ಷಗಳಿಗೊಮ್ಮೆ ಪರವಾನಗಿ ಪಡೆದ ದುರಸ್ತಿಗಾರನಿಂದ ಒಳಭಾಗವನ್ನು ತೊಳೆಸುವುದು ವಾಡಿಕೆ.

ಅನಿಲದ ಒತ್ತಡದಿಂದ ತಾನಾಗಿ ತೋಟಾ ಬದಲಿಸಿಕೊಳ್ಳುವ ಅರೆಸ್ವಯಂಚಾಲಿತ ಕೋವಿಗಳ ಪಿಸ್ಟನ್ನಿನ ಮೇಲೆ ಮಸಿ ಗಟ್ಟಿಯಾಗಿ ಕೂರುತ್ತದೆ. ಅವುಗಳಿಗೆ ಸ್ವಚ್ಛತೆ ಹೆಚ್ಚು ಸಲ ಬೇಕು, ಎಣ್ಣೆ ಕಡಿಮೆ ಬೇಕು. ಎಣ್ಣೆ ಹೆಚ್ಚಾದರೆ ಅದೇ ಮಸಿಯನ್ನು ಹಿಡಿದಿಟ್ಟು ಯಂತ್ರ ಸಿಕ್ಕಿಕೊಳ್ಳುತ್ತದೆ.

ಮರದ ಹಿಡಿ ಮತ್ತು ಹೊರಮೈ

ಬಟ್ಟನ್ನು ಸಾಮಾನ್ಯವಾಗಿ ಆಕ್ರೋಟು ಮರದಿಂದ ಮಾಡುತ್ತಾರೆ. ಅಗಸೆ ಎಣ್ಣೆಯಿಂದ ಹದಗೊಳಿಸಿದ ಹಿಡಿಗೆ ವರ್ಷಕ್ಕೆ ಒಂದೆರಡು ಬಾರಿ ಅದೇ ಎಣ್ಣೆಯ ಕೆಲವು ತೊಟ್ಟುಗಳನ್ನು ಅಂಗೈಯಿಂದ ಬಿಸಿಯಾಗುವವರೆಗೆ ತಿಕ್ಕಿ, ಉಳಿದುದನ್ನು ಒರೆಸಿ ತೆಗೆಯಬೇಕು. ವಾರ್ನಿಷ್ ಹೊಡೆದ ಹಿಡಿಗೆ ಒದ್ದೆ ಬಟ್ಟೆಯ ಒರೆತವೇ ಸಾಕು. ಹಿಡಿತಕ್ಕಾಗಿ ಕೆತ್ತಿರುವ ಚೌಕುಳಿ ಗೆರೆಗಳಲ್ಲಿ ಬೆವರು, ಕೊಳೆ ತುಂಬಿಕೊಂಡಿದ್ದರೆ ಮೃದುವಾದ ಬ್ರಷ್ಷಿನಿಂದ ಗೆರೆಯ ದಿಕ್ಕಿನಲ್ಲೇ ಉಜ್ಜಬೇಕು. ಅಗಸೆ ಎಣ್ಣೆಯಲ್ಲಿ ನೆನೆದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯುವುದು ಅಪಾಯಕಾರಿ. ಆ ಎಣ್ಣೆ ಗಾಳಿಯೊಡನೆ ಸೇರಿ ಒಣಗುವಾಗ ಶಾಖ ಹುಟ್ಟಿ, ಬೆಂಕಿಯ ಸೋಂಕೇ ಇಲ್ಲದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಲ್ಲದು. ಅಂಥ ಬಟ್ಟೆಗಳನ್ನು ಹರಡಿ ಒಣಗಿಸಬೇಕು ಇಲ್ಲವೇ ನೀರಿನಲ್ಲಿ ಮುಳುಗಿಸಿಡಬೇಕು.

ನಳಿಕೆಯ ಹೊರಮೈಯ ನೀಲಿಗಪ್ಪು ಬಣ್ಣ ಬಳಿದ ಬಣ್ಣವಲ್ಲ. ಉಕ್ಕಿನ ಮೇಲ್ಪದರವನ್ನೇ ನಿಯಂತ್ರಿತವಾಗಿ ಆಕ್ಸೈಡ್ ಆಗಿಸಿ ಪಡೆದ ತೆಳುವಾದ ಪೊರೆ ಅದು. ತುಕ್ಕು ತೆಗೆಯಲೆಂದು ಉಪ್ಪುಕಾಗದ ಹಿಡಿದರೆ ತುಕ್ಕಿನೊಡನೆ ಆ ಪೊರೆಯೂ ಹೋಗುತ್ತದೆ. ಮೇಲ್ಮೈಯ ಹಗುರ ತುಕ್ಕಿಗೆ ಎಣ್ಣೆ ಹಚ್ಚಿ ಒಂದು ರಾತ್ರಿ ನೆನೆಯಬಿಟ್ಟು, ಒರಟು ಬಟ್ಟೆಯಿಂದ ಒರೆಸುವುದು ಸುರಕ್ಷಿತ. ಎರಡು ನಳಿಕೆಗಳ ನಡುವಿನ ಪಟ್ಟಿಯ ಅಂಚಿನಲ್ಲಿ ನೀರು ನಿಲ್ಲುವುದರಿಂದ ತುಕ್ಕು ಅಲ್ಲಿಂದಲೇ ಮೊದಲಾಗುತ್ತದೆ. ತಯಾರಕನ ಕ್ರಮಸಂಖ್ಯೆ ಮತ್ತು ಪರೀಕ್ಷಾಮುದ್ರೆಗಳ ಮೇಲೆ ಪಾಲಿಷ್ ಮಾಡಲೇಬಾರದು. ಕೋವಿಯ ಇತಿಹಾಸವನ್ನು ಅವೇ ಹೇಳುತ್ತವೆ, ಸಾಲದ್ದಕ್ಕೆ ಗುರುತು ಸಂಖ್ಯೆ ಅಳಿಸುವುದು ಶಿಕ್ಷಾರ್ಹ ಅಪರಾಧವೂ ಹೌದು.

ಎಣ್ಣೆಗಳ ಆಯ್ಕೆ

ಬ್ರಿಟಿಷರ ಕಾಲದಲ್ಲಿ ಬರ್ಮಾದ ಖನಿಜ ತೈಲದಿಂದ ತಯಾರಾದ ರಂಗೂನ್ ಎಣ್ಣೆ ಕೋವಿಗಳಿಗೆ ಹೆಸರಾಗಿತ್ತು. ಈಗ ಕೋವಿಗೆಂದೇ ಮಾಡಿದ ತೆಳು ಖನಿಜ ತೈಲಗಳು ದೊರೆಯುತ್ತವೆ. ಅವು ಸಿಗದ ಊರುಗಳಲ್ಲಿ ಹೊಲಿಗೆ ಯಂತ್ರದ ಎಣ್ಣೆ ತಾತ್ಕಾಲಿಕವಾಗಿ ನಡೆಯುತ್ತದೆ. ತೆಂಗಿನೆಣ್ಣೆಯನ್ನು ಬಳಸುವ ಅಭ್ಯಾಸ ಕೆಲವೆಡೆ ಇದ್ದರೂ ಅದು ಯಂತ್ರಭಾಗಕ್ಕೆ ತಕ್ಕುದಲ್ಲ. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಮಲೆನಾಡಿನ ಚಳಿಗಾಲದ ಬೆಳಗಿನಲ್ಲಿ ಇದು ಸಹಜವಾಗಿ ಆಗುವಂಥದು. ಹಳತಾದಾಗ ಕಮಟು ಹಿಡಿದು ಅಂಟಂಟಾಗುವುದೂ ಉಂಟು. ಸೀಮೆಎಣ್ಣೆ ಕಿಟ್ಟವನ್ನು ಚೆನ್ನಾಗಿ ತೊಳೆಯುತ್ತದೆ, ಆದರೆ ರಕ್ಷಣೆಯ ಪೊರೆ ಬಿಡುವುದಿಲ್ಲ. ಅದರಿಂದ ತೊಳೆದ ಮೇಲೆ ಒರೆಸಿ ಬೇರೆ ಎಣ್ಣೆ ಹಚ್ಚಲೇಬೇಕು. ಡಬ್ಲ್ಯುಡಿ-40 ಎಂಬ ತುಂತುರು ದ್ರವ ನೀರನ್ನು ಹೊರದೂಡಲು ತಯಾರಾದದ್ದು, ಮಳೆಯಲ್ಲಿ ನೆನೆದ ಕೋವಿಗೆ ಪ್ರಥಮ ಚಿಕಿತ್ಸೆಯಾಗಿ ಉಪಯುಕ್ತ. ದೀರ್ಘಕಾಲದ ಸಂಗ್ರಹಕ್ಕೆ ಅದನ್ನೇ ನೆಚ್ಚಿಕೊಳ್ಳಲಾಗದು.

ಎಣ್ಣೆ ಕಡಿಮೆಯಾಗಿ ಕೆಟ್ಟ ಕೋವಿಗಳಷ್ಟೇ ಎಣ್ಣೆ ಹೆಚ್ಚಾಗಿ ಕೆಟ್ಟವೂ ಇವೆ. ಬಟ್ಟಿನ ಮೇಲೆ ನೇರವಾಗಿ ನಿಲ್ಲಿಸಿದ ಕೋವಿಯ ಯಂತ್ರಭಾಗದಿಂದ ಎಣ್ಣೆ ನಿಧಾನವಾಗಿ ಇಳಿದು ಮರದ ತಲೆಗೆ ಹೀರಿಕೊಳ್ಳುತ್ತದೆ. ಅಲ್ಲಿ ಮರ ಕಪ್ಪಾಗಿ, ಮೆತ್ತಗಾಗಿ, ಹಿಮ್ಮೊಗೆತದ ಪೆಟ್ಟಿಗೆ ಸೀಳುತ್ತದೆ. ಇದನ್ನು ತಪ್ಪಿಸಲು ಎಣ್ಣೆ ಹಚ್ಚಿದ ಮೊದಲ ರಾತ್ರಿ ನಳಿಕೆಯ ಬಾಯನ್ನು ಕೆಳಗೆ ಮಾಡಿ, ಬಟ್ಟೆಯ ಮೇಲೆ ನಿಲ್ಲಿಸುವ ಪದ್ಧತಿಯಿದೆ.

ಮಳೆಗಾಲ ಮತ್ತು ಸಂಗ್ರಹ

ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡ 60ನ್ನು ಮೀರಿದರೆ ಉಕ್ಕಿನ ಮೇಲೆ ತುಕ್ಕಿನ ವೇಗ ಹೆಚ್ಚುತ್ತದೆ. ವರ್ಷಕ್ಕೆ 3000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಮಡಿಕೇರಿಯಂತಹ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಈ ಮಟ್ಟಕ್ಕಿಂತ ಬಹಳ ಮೇಲೆಯೇ ಇರುತ್ತದೆ. ಹೀಗಾಗಿ ಇಂಗ್ಲೆಂಡಿನ ಕೈಪಿಡಿಗಳಲ್ಲಿ ತಿಂಗಳಿಗೊಮ್ಮೆ ಎಂದಿರುವ ಒರೆತ ಇಲ್ಲಿ ವಾರಕ್ಕೊಮ್ಮೆ ಆಗಬೇಕಾಗುತ್ತದೆ.

ಚರ್ಮದ ಅಥವಾ ಕ್ಯಾನ್ವಾಸಿನ ಚೀಲ ಪ್ರಯಾಣಕ್ಕೆ ಮಾತ್ರ. ಹದಮಾಡಿದ ಚರ್ಮದಲ್ಲಿ ಉಳಿದ ಲವಣ ಮತ್ತು ಆಮ್ಲಗಳು ತೇವವನ್ನು ಹೀರಿ ಲೋಹಕ್ಕೆ ದಾಟಿಸುತ್ತವೆ. ಕೋವಿಯನ್ನು ಗೋಡೆಗೆ ತಾಗದಂತೆ, ಗಾಳಿಯಾಡುವ ಬೀಗದ ಕಪಾಟಿನಲ್ಲಿ ಇಡುವುದು ಯೋಗ್ಯ. ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು, ಅವು ತೇವ ಹೀರಿ ಬಣ್ಣ ಬದಲಿಸಿದಾಗ ಬಿಸಿಮಾಡಿ ಮತ್ತೆ ಬಳಸಬಹುದು. ಕಪಾಟಿನ ಬಾಗಿಲನ್ನು ತಿಂಗಳುಗಟ್ಟಲೆ ತೆರೆಯದಿರುವುದು ಭದ್ರತೆಯಂತೆ ತೋರಿದರೂ ಕೋವಿಗೆ ಹಿತವಲ್ಲ. ತೋಟಾಗಳಿಗೆ ಬೇರೆಯೇ ಬೀಗವಿರಬೇಕು.

ಮಳೆಯಲ್ಲಿ ನೆನೆದ ಕೋವಿಯನ್ನು ಮನೆಗೆ ತಂದ ಕೂಡಲೇ ಬಿಡಿಸಿ ಒರೆಸಬೇಕು. ಒಲೆಯ ಬಳಿ ಒಣಗಿಸಲು ಇಟ್ಟರೆ ಮರ ಸೀಳಬಹುದು. ಗಾಳಿಯಾಡುವ ಕೋಣೆಯಲ್ಲಿ ಕೆಲವು ಗಂಟೆ ಬಿಟ್ಟು, ಮೇಲ್ಮೈ ಪೂರ್ತಿ ಒಣಗಿದ ಬಳಿಕವೇ ಎಣ್ಣೆ ಹಚ್ಚುವುದು ಕ್ರಮ.

ಸ್ವಚ್ಛಗೊಳಿಸುವವರ ಆರೋಗ್ಯದ ವಿಷಯವನ್ನೂ ಇಲ್ಲಿ ಹೇಳಬೇಕು. ನಳಿಕೆಯಿಂದ ಹೊರಬರುವ ಕಿಟ್ಟದಲ್ಲಿ ಸೀಸವಿರುತ್ತದೆ. ಕೇಪಿನ ಸ್ಫೋಟಕದಲ್ಲೂ ಸೀಸದ ಸಂಯುಕ್ತಗಳಿರುವುದು ಸಾಮಾನ್ಯ. ಸೀಸ ದೇಹದಲ್ಲಿ ಸಂಗ್ರಹವಾಗುವ ವಿಷ, ಮಕ್ಕಳ ಬೆಳವಣಿಗೆಗೆ ಅದರಿಂದ ವಿಶೇಷ ಹಾನಿ. ಆದ್ದರಿಂದ ಊಟದ ಮೇಜಿನ ಮೇಲೆ ಈ ಕೆಲಸ ಮಾಡಬಾರದು, ನಡುವೆ ಎಲೆಯಡಿಕೆ ಹಾಕಿಕೊಳ್ಳಬಾರದು, ಮುಗಿದೊಡನೆ ಸೋಪಿನಿಂದ ಕೈ ತೊಳೆಯಬೇಕು.

ಕೇಪಿನ ಕೋವಿ

ಬಾಯಿಯಿಂದ ಮದ್ದು ತುಂಬುವ ಒಂಟಿ ನಳಿಕೆಯ ಕೇಪಿನ ಕೋವಿಗಳು ಮಲೆನಾಡಿನಲ್ಲಿ ಇನ್ನೂ ಇವೆ. ಕರಿಮದ್ದಿನ ಶೇಷವು ಬಹುಪಾಲು ಪೊಟ್ಯಾಸಿಯಂ ಲವಣಗಳಾಗಿದ್ದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಹಾರಿಸಿದ ದಿನವೇ ತೊಳೆಯದಿದ್ದರೆ ಮರುದಿನ ತುಕ್ಕು ಕಾಣಿಸುತ್ತದೆ. ಇದಕ್ಕೆ ಔಷಧಿ ಎಣ್ಣೆಯಲ್ಲ, ಬಿಸಿನೀರು. ನಳಿಕೆಯನ್ನು ಬಿಡಿಸಿ ಬಿಸಿನೀರು ಹಾಯಿಸಿ ಉಜ್ಜಿದರೆ ಲವಣ ಕರಗಿ ಹೋಗುತ್ತದೆ, ಬಿಸಿಯಾದ ಲೋಹ ಬೇಗನೆ ಒಣಗುತ್ತದೆ. ಆಮೇಲೆ ಎಣ್ಣೆ. ಇಂತಹ ಕೋವಿ ತುಂಬಿದೆಯೇ ಎಂಬುದನ್ನು ಹಿಂದಿನಿಂದ ನೋಡಿ ತಿಳಿಯಲಾಗದು. ಗಜವನ್ನು ಖಾಲಿ ನಳಿಕೆಯೊಳಗೆ ಬಿಟ್ಟು, ಬಾಯಿಯ ಮಟ್ಟಕ್ಕೆ ಅದರ ಮೇಲೊಂದು ಗುರುತು ಹಾಕಿಟ್ಟುಕೊಳ್ಳಬೇಕು. ಮುಂದೆ ಗಜ ಆ ಗುರುತಿನವರೆಗೆ ಇಳಿಯದಿದ್ದರೆ ಒಳಗೆ ಮದ್ದು ಇದೆ ಎಂದೇ ತಿಳಿಯಬೇಕು. ಗಜ ಇಳಿಸುವಾಗ ಮುಖವನ್ನೂ ಅಂಗೈಯನ್ನೂ ನಳಿಕೆಯ ಬಾಯಿಗೆ ನೇರವಾಗಿ ಒಡ್ಡಬಾರದು. ಕೇಪನ್ನು ಅದಕ್ಕೂ ಮೊದಲೇ ತೆಗೆದಿರಬೇಕು.

ಕೊಡಗಿನಲ್ಲಿ

ಕೊಡಗಿನಲ್ಲಿ ಕೋವಿಯ ಆರೈಕೆಗೆ ಹಬ್ಬವೊಂದು ಕೂಡಿಕೊಂಡಿದೆ. ಭತ್ತದ ನಾಟಿ ಮುಗಿದ ಮೇಲೆ, ಸಾಮಾನ್ಯವಾಗಿ ಸೆಪ್ಟೆಂಬರ್ 3ರಂದು ಆಚರಿಸುವ ಕೈಲ್ ಪೊಳ್ದ್ ಅಥವಾ ಕೈಲ್ ಮುಹೂರ್ತದಲ್ಲಿ ಆಯುಧಗಳನ್ನು ಶುಚಿಗೊಳಿಸಿ ಪೂಜಿಸುತ್ತಾರೆ. ಕೊಡವ ಭಾಷೆಯಲ್ಲಿ ಕೋವಿಗೆ ತೋಕ್ ಎಂದು ಹೆಸರು. ಆ ದಿನಗಳಲ್ಲಿ ಅರಳುವ ಗೌರಿಹೂವಿಗೆ ಅಲ್ಲಿ ತೋಕ್ ಪೂ ಎನ್ನುತ್ತಾರೆ, ಅದರಿಂದ ಕೋವಿಯನ್ನು ಸಿಂಗರಿಸುತ್ತಾರೆ. ಪೂಜೆಯ ಬಳಿಕ ಮರದ ಮೇಲಿರಿಸಿದ ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ ನಡೆಯುತ್ತದೆ. ಮಳೆಗಾಲದ ಕೊನೆಯ ಹಂತದಲ್ಲಿ, ತುಕ್ಕು ಬೇರೂರುವ ಮುನ್ನ ಮನೆಯ ಪ್ರತಿಯೊಂದು ಆಯುಧವೂ ಹೊರಬಂದು ಒರೆಸಿಕೊಳ್ಳುವಂತೆ ಈ ಆಚರಣೆ ನೋಡಿಕೊಳ್ಳುತ್ತದೆ. ನಿರ್ವಹಣೆಯ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ತಿಥಿಯನ್ನು ಆರಿಸುವುದು ಕಷ್ಟ. ಲೋಹದ ಮೇಲೆ ಹಚ್ಚಿದ ಗಂಧ, ಕುಂಕುಮ, ಹೂವಿನ ರಸ ತೇವಭರಿತವಾದುದರಿಂದ ಪೂಜೆ ಮುಗಿದ ಮೇಲೆ ಅವನ್ನು ಒರೆಸಬೇಕು. ನಳಿಕೆಯ ಬಾಯಿಗೆ ಹೂವು ಸಿಕ್ಕಿಸಿದ್ದರೆ ಸ್ಪರ್ಧೆಗೆ ಮೊದಲು ಒಳಗೆ ಎಸಳು, ತೊಟ್ಟು ಉಳಿದಿಲ್ಲವೆಂದು ನೋಡುವುದು ಅವಶ್ಯ.

ಕಾನೂನು

ಭಾರತದಲ್ಲಿ ಕೋವಿ ಹೊಂದುವುದು 1959ರ ಆಯುಧ ಕಾಯ್ದೆ ಮತ್ತು 2016ರ ಆಯುಧ ನಿಯಮಗಳಿಗೆ ಒಳಪಟ್ಟಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಬೇಟೆ ನಿಷಿದ್ಧವಾಗಿದ್ದು, ಪರವಾನಗಿಗಳು ಮುಖ್ಯವಾಗಿ ಬೆಳೆ ರಕ್ಷಣೆ, ಆತ್ಮರಕ್ಷಣೆ ಮತ್ತು ಕ್ರೀಡೆಗೆ ಸಂಬಂಧಿಸಿವೆ. ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಪರವಾನಗಿಯ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಇದನ್ನು 2029ರವರೆಗೆ ವಿಸ್ತರಿಸಿತು. ಇದನ್ನು ಪ್ರಶ್ನಿಸಿದ ಅರ್ಜಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ 2021ರಲ್ಲಿ ವಿನಾಯಿತಿಯನ್ನು ಎತ್ತಿಹಿಡಿಯಿತು.

ತನ್ನ ಕೋವಿಯನ್ನು ತಾನು ಒರೆಸಿ ಎಣ್ಣೆ ಹಾಕಲು ಮಾಲೀಕನಿಗೆ ಪ್ರತ್ಯೇಕ ಅನುಮತಿ ಬೇಕಿಲ್ಲ. ವ್ಯಾಪಾರವಾಗಿ ದುರಸ್ತಿ ಮಾಡಲು ಕಾಯ್ದೆಯ 5ನೆಯ ಕಲಮಿನಂತೆ ಪರವಾನಗಿ ಬೇಕು. ಊರಿನ ಕಮ್ಮಾರನಲ್ಲಿ ನಳಿಕೆಗೆ ಬೆಸುಗೆ ಹಾಕಿಸುವುದು ಅಪಾಯಕರವೂ ಕಾನೂನುಬಾಹಿರವೂ ಆಗುತ್ತದೆ. ತುದಿ ಹಾಳಾಯಿತೆಂದು ನಳಿಕೆಯನ್ನು ಕತ್ತರಿಸಿ ಗಿಡ್ಡಗೊಳಿಸುವುದನ್ನು 6ನೆಯ ಕಲಮು ನಿರ್ಬಂಧಿಸುತ್ತದೆ.

ಚುನಾವಣೆ ಘೋಷಣೆಯಾದಾಗ ಪರವಾನಗಿದಾರರು ಆಡಳಿತದ ಆದೇಶದಂತೆ ಕೋವಿಗಳನ್ನು ಪೊಲೀಸ್ ಠಾಣೆಯಲ್ಲೋ ಅಧಿಕೃತ ಮಳಿಗೆಯಲ್ಲೋ ಠೇವಣಿ ಇಡಬೇಕಾಗುತ್ತದೆ. ಅಲ್ಲಿ ಅವು ವಾರಗಟ್ಟಲೆ ಸಾಲಾಗಿ ನಿಂತಿರುತ್ತವೆ, ಒರೆಸುವವರಿರುವುದಿಲ್ಲ. ಠೇವಣಿಗೆ ಒಯ್ಯುವ ಮುನ್ನ ನಳಿಕೆಯ ಒಳಹೊರಗೆ ಎಂದಿಗಿಂತ ತುಸು ದಪ್ಪನಾದ ಎಣ್ಣೆಯ ಪೊರೆ ಕೊಟ್ಟು, ಕ್ರಮಸಂಖ್ಯೆಯನ್ನೂ ಇದ್ದ ಗೀರು ತಗ್ಗುಗಳನ್ನೂ ರಸೀತಿಯ ಪ್ರತಿಯಲ್ಲಿ ಬರೆದಿಟ್ಟುಕೊಳ್ಳುವುದು ಅನುಭವಸ್ಥರ ರೂಢಿ. ಮರಳಿ ಪಡೆದ ದಿನವೇ ಕೋವಿಯನ್ನು ಬಿಡಿಸಿ, ನಳಿಕೆಯಲ್ಲಿ ಕಣಜದ ಗೂಡು ಮುಂತಾದುದು ಸೇರಿಕೊಂಡಿಲ್ಲವೆಂದು ಬೆಳಕಿಗೆ ಹಿಡಿದು ನೋಡಿ, ಆ ಹಳೆಯ ಎಣ್ಣೆಯನ್ನು ಒರೆಸಿ ತೆಗೆಯಬೇಕಾಗುತ್ತದೆ.